ಮೊದಲ ನೀರು ಕುಡಿದ ಕಪ್ಪೆ

ನಾನು ಒಂದು ಮಣ್ಣಿನ ಕಪ್ಪೆ. ಮುಷ್ಟಿಯಷ್ಟು ಗಾತ್ರ. ಚೀನಾ ದೇಶದ ಕುಂಬಾರರ ಓಣಿಯೊಂದರಲ್ಲಿ, ಕೆಮ್ಮುತ್ತಲೇ ಮಣ್ಣು ತಟ್ಟುತ್ತಿದ್ದ ಹೆಂಗಸೊಬ್ಬಳ ಹೆಬ್ಬೆರಳಡಿ ಹುಟ್ಟಿದೆ. ಆ ದಿನ ಅವಳು ನನ್ನಂಥ ಇನ್ನೂರು ಕಪ್ಪೆ ಮಾಡಿದಳು. ನನ್ನ ಹೊಟ್ಟೆಯ ಮೇಲೆ ಅವಳ ಹೆಸರಿಲ್ಲ. ಮಾಲೀಕನ ಮುದ್ರೆ ಇದೆ.

ಚಹಾದ ತಟ್ಟೆಯಲ್ಲಿ ಕೂರುವುದು ನನ್ನ ಕೆಲಸ. ಪುಎರ್ ಎಂಬ ಚಹಾ ಇದೆ. ಎಲೆಯನ್ನು ಮಾಗಿಸಿ, ಬೆಲ್ಲದಚ್ಚಿನಂತೆ ಒತ್ತಿ, ವರ್ಷಗಟ್ಟಲೆ ಇಟ್ಟು, ಆಮೇಲೆ ಚೂರು ಮುರಿದು ಕುದಿನೀರು ಹೊಯ್ಯುತ್ತಾರೆ. ಆ ಮೊದಲ ನೀರನ್ನು ಯಾರೂ ಕುಡಿಯುವುದಿಲ್ಲ. ಅದರಲ್ಲಿ ಧೂಳು, ಕಸರು. ಅದನ್ನು ನನ್ನ ತಲೆಯ ಮೇಲೆ ಸುರಿಯುತ್ತಾರೆ. ಎರಡನೆಯದು ಮನುಷ್ಯರಿಗೆ. ಸುರಿದಷ್ಟೂ ಕಪ್ಪೆಗೆ ಕಳೆ ಬರುತ್ತದಂತೆ. ಸುರಿಯುವವರು ಹಾಗೆ ಅನ್ನದೆ ಇನ್ನೇನು ಅಂದಾರು?

ಯೋಗ ಕಲಿಯಲು ಮೈಸೂರಿಗೆ ಬಂದ ಲಿನ್ ಎಂಬ ಹುಡುಗಿ ನನ್ನನ್ನು ಟವಲಿನಲ್ಲಿ ಸುತ್ತಿ ತಂದಳು. ಊರಿಗೆ ಮರಳುವಾಗ, ಪಕ್ಕದ ಬೀದಿಯಲ್ಲಿ ಚಹಾ ಕೋಣೆ ತೆರೆದಿದ್ದ ಮೃದುಲಾ ಕೈಗೆ, ಏಳು ಪುಎರ್ ಬಿಲ್ಲೆಗಳ ಸಮೇತ, ಕೊಟ್ಟು ಹೋದಳು.

ಆ ಕೋಣೆಯ ಗೋಡೆಗೆ ಒಂದು ಕರಿಹಲಗೆ. ಪ್ರತಿ ಚಹಾದ ಹೆಸರಿನ ಕೆಳಗೆ ಅದರ ರುಚಿಯ ಬಗ್ಗೆ ಒಂದು ಮಾತು ಬರೆಯುವ ಪದ್ಧತಿ. ಪುಎರ್‌ಗೆ ಮಾತ್ರ ಮೃದುಲಾಗೆ ಮಾತೇ ಸಿಗಲಿಲ್ಲ. ಮೂರು ದಿನ ಕುಡಿದಳು, ಮೂರು ದಿನವೂ ಬರೆದು ಅಳಿಸಿದಳು.

ನೆಲ ಸಾರಿಸಿ ಪಾತ್ರೆ ತೊಳೆಯಲು ಪುಟ್ಟಸಿದ್ದಮ್ಮ ಬರುತ್ತಿದ್ದಳು. ನನ್ನನ್ನು ಒರೆಸುವಾಗ ‘ನಿಂಗೂ ಕಸರು ನೀರೇ ಏನ್ಲಾ?’ ಎಂದು ಮಾತಾಡಿಸುತ್ತಿದ್ದವಳು ಅವಳೊಬ್ಬಳೇ. ನಾಲ್ಕನೆಯ ದಿನ ಮೃದುಲಾ, ನೀನೊಂದು ಸಲ ನೋಡು ಎಂದು ಅವಳಿಗೂ ಬಗ್ಗಿಸಿದಳು. ಪಿಂಗಾಣಿ ಬಟ್ಟಲಿಗಲ್ಲ, ಸಿಂಕಿನ ಬಳಿಯ ಪ್ಲಾಸ್ಟಿಕ್ ಲೋಟಕ್ಕೆ.

ಹಾಲಿಲ್ಲ, ಸಕ್ಕರೆ ಇಲ್ಲ, ಡಾಂಬರಿನ ಬಣ್ಣ. “ಯಾರ್ಗವ್ವ ಜ್ವರ?” ಎಂದು ನಕ್ಕಳು ಪುಟ್ಟಸಿದ್ದಮ್ಮ. ಒಂದು ಗುಟುಕು ಕುಡಿದಳು. ಎರಡನೆಯ ಗುಟುಕು ಬಾಯಲ್ಲೇ ಉಳಿಯಿತು. ನುಂಗಿ ಲೋಟ ಕೆಳಗಿಟ್ಟಳು.

“ಹಗೇವು ತೆಗ್ದಾಗ ಬತ್ತದಲ್ಲವ್ವ, ಅದೇ ವಾಸ್ನೆ.”

ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡುವ ಹಗೇವು. ಮೃದುಲಾ ಕಣ್ಣು ಅರಳಿತು. ಎದ್ದು ಹೋಗಿ ಕರಿಹಲಗೆಯಲ್ಲಿ ಬರೆದಳು: ‘ಹಗೇವಿನ ಪರಿಮಳ’. ಪುಟ್ಟಸಿದ್ದಮ್ಮ ಉಳಿದ ಚಹಾವನ್ನು ಸಿಂಕಿಗೆ ಚೆಲ್ಲಿದ್ದನ್ನು ನಾನು ಮಾತ್ರ ನೋಡಿದೆ.

ಅವಳಿಗೆ ಓದು ಬಾರದು. ಎಂಟು ದಿನ ಆ ಹಲಗೆಯ ಚೌಕಟ್ಟನ್ನು ಒರೆಸಿದಳು. ಒಂಬತ್ತನೆಯ ದಿನ ಜುಬ್ಬಾ ತೊಟ್ಟ ಗಿರಾಕಿಯೊಬ್ಬ ಅದನ್ನು ಗಟ್ಟಿಯಾಗಿ ಓದಿ, ಬಟ್ಟಲಿಗೆ ಮೂಗು ಹಿಡಿದು, ಅಜ್ಜನ ಮನೆ ನೆನಪಾಯಿತು ಎಂದ. ಪುಟ್ಟಸಿದ್ದಮ್ಮನ ಕೈಯ ಬಟ್ಟೆ ನಿಂತಿತು.

“ಅವ್ವಾ, ಆ ಮಾತ ಅಳಿಸ್ಬುಡಿ. ನಮ್ಮಪ್ಪ ಅದ್ರೊಳಗೇ ಸತ್ತೋದ.”

ನಿಂತಲ್ಲೇ ಹೇಳಿದಳು. ಹಗೇವಿನ ಬಾಯಿ ತೆರೆದರೆ, ಒಳಗೆ ಕಟ್ಟಿದ ವಿಷಗಾಳಿ ಹೋಗಲು ಒಂದು ದಿನ ಬಿಡಬೇಕು. ಒಡೆಯನ ಮನೆಗೆ ರಾಗಿ ಒಯ್ಯುವ ಗಾಡಿ ಬೇಗ ಬಂತು. ಗಾಳಿ ನೋಡಲು ಇಳಿಬಿಟ್ಟ ದೀಪ ಆರಿಹೋಯಿತು. ಬತ್ತಿ ಸರಿಯಿಲ್ಲ, ಇಳಿಯೋ ಎಂದ ಒಡೆಯ. ಅಪ್ಪ ಇಳಿದ. ಅವನನ್ನು ಎತ್ತಲು ಚಿಕ್ಕಪ್ಪ ಇಳಿದ. ಇಬ್ಬರನ್ನೂ ಹಗ್ಗ ಹಾಕಿ ಎಳೆದರು. ಮರುದಿನ ರಾಗಿಯನ್ನು ಎತ್ತಿದರು, ಅದು ಕೆಟ್ಟಿರಲಿಲ್ಲ.

ಗಿರಾಕಿ ಬಟ್ಟಲು ಇಳಿಸಲಿಲ್ಲ. “ಚಹಾ ಕುಡಿಯೋಕ್ ಬಂದಿದ್ದೀವಮ್ಮ, ಹರಿಕತೆ ಕೇಳೋಕಲ್ಲ.”

ಮೃದುಲಾ ದನಿ ತಗ್ಗಿಸಿದಳು. “ಪಾಪ ಅನ್ಸುತ್ತೆ ಪುಟ್ಟಸಿದ್ದಮ್ಮ. ಆದ್ರೆ ಜನಕ್ಕೆ ಹಳ್ಳಿ ನೆನಪಾಗುತ್ತೆ, ಖುಷಿ ಪಡ್ತಾರೆ.”

“ನಿಮ್ ಜನಕ್ಕೆ ಮೇಲ್ನಿಂದ ನೆನಪಾಯ್ತದೆ ಕಣವ್ವ. ನಮ್ಗೆ ಒಳ್ಗಿಂದ.”

ಒದ್ದೆ ಬಟ್ಟೆ ತಂದಳು. ಯಾವ ಅಕ್ಷರ ಯಾವುದೆಂದು ಗೊತ್ತಿಲ್ಲದ್ದರಿಂದ ಇಡೀ ಹಲಗೆಯನ್ನು ಒರೆಸಿಬಿಟ್ಟಳು. ಎಲ್ಲ ಚಹಾಗಳ ಹೆಸರೂ ಹೋಯಿತು. ಅಂದೇ ಅವಳ ಕೆಲಸವೂ ಹೋಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಅವಳು ಹಿಂದಿರುಗಿ ನೋಡಿದ್ದು ಹಲಗೆಯನ್ನು. ಅದು ಕಪ್ಪಗೆ, ಖಾಲಿಯಾಗಿತ್ತು. ಗೆದ್ದೆನೆಂದುಕೊಂಡಳೇನೋ.

ಮರುವಾರ ಮೃದುಲಾ ಅದೇ ಮಾತನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದಳು. ಮೇಲೆ ಪ್ಲಾಸ್ಟಿಕ್ ಹೊದಿಕೆ. ಒದ್ದೆ ಬಟ್ಟೆಗೆ ಅಳಿಯುವುದಿಲ್ಲ.

ವರ್ಷಗಳಾದವು. ನನ್ನ ಮುಂಗಾಲು ಮುರಿದಿದೆ, ತಟ್ಟೆಯಿಂದ ಕಿಟಕಿಗೆ ವರ್ಗವಾಗಿದ್ದೇನೆ. ಈಗ ನನ್ನ ಮೇಲೆ ಯಾರೂ ನೀರು ಸುರಿಯುವುದಿಲ್ಲ. ಆ ಕಾರ್ಡು ಗಾಳಿಗೆ ಬೀಳದಿರಲೆಂದು ನನ್ನ ಬೆನ್ನಿಗೆ ಒರಗಿಸಿದ್ದಾರೆ. ಬೀದಿಯ ಜನ ಓದುತ್ತಾರೆ, ಮುಗುಳ್ನಗುತ್ತಾರೆ, ಒಳಗೆ ಬರುತ್ತಾರೆ. ತೆರೆದ ಬಾಯಿ ಕೊಟ್ಟೇ ನನ್ನನ್ನು ಆವಿಗೆಯಲ್ಲಿ ಸುಟ್ಟರು, ಆದರೆ ಕೂಗಲು ದನಿ ಇಡಲಿಲ್ಲ. ಆ ಇಬ್ಬರು ಗಂಡಸರ ಸಾವನ್ನು ಪರಿಮಳವೆಂದು ಎತ್ತಿ ಹಿಡಿದು ನಿಂತಿರುವುದು ನಾನೇ.