ಎರಡನೆಯ ಸೌಟು

ನಾನು ಒಂದು ಹಿತ್ತಾಳೆ ಸೌಟು. ಹುಟ್ಟಿದ್ದು ನಾಗಮಂಗಲದಲ್ಲಿ. ಸುತ್ತಿಗೆಯಿಂದ ಬಡಿದು ಬಡಿದು ನನಗೆ ಈ ಗುಂಡಿಬಾಯಿ ಮಾಡಿದರು. ಬಡಿಸಲು ಹುಟ್ಟಿದವರು ಮೊದಲು ಬಡಿಸಿಕೊಳ್ಳಬೇಕು, ನೋಡಿ!

ತಿಪಟೂರಿನಲ್ಲಿ ಸಮಾರಂಭಗಳಿಗೆ ಅಡುಗೆ ಮಾಡುತ್ತಿದ್ದ ಚಿಕ್ಕತಾಯಮ್ಮ ನನ್ನನ್ನು ಕೊಂಡರು. ಅವರ ಕೈ ಸೋತ ಮೇಲೆ ಸೊಸೆ ಗಂಗಲಕ್ಷ್ಮಮ್ಮನ ಕೈಗೆ ಬಂದೆ. ಜೊತೆಗೆ ಅತ್ತೆಯ ಒಂದು ಮಾತೂ ಬಂತು: ಎಲೆಗೆ ಒಂಟಿ ಸೌಟು ಬಡಿಸಬಾರದು, ಬಡಿಸಿದರೆ ಉಂಡವರ ಋಣ ಅಲ್ಲಿಗೇ ಹರಿಯುತ್ತದೆ. ಹಾಗಾಗಿ ಯಾರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರೂ ಗಂಗಲಕ್ಷ್ಮಮ್ಮ ಬಿಡುತ್ತಿರಲಿಲ್ಲ. ಬೆರಳ ಸಂದಿಯಲ್ಲಾದರೂ ಎರಡನೆಯದು ಸುರಿಸಿಯೇ ಮುಂದಿನ ಎಲೆಗೆ ಹೋಗುತ್ತಿದ್ದಳು. ಆ ಬೈಗುಳ, ಆ ನಗು ಕೇಳುತ್ತಾ ನನ್ನ ಆಯಸ್ಸು ಸುಖವಾಗಿ ಸವೆಯುತ್ತಿತ್ತು.

ಎಲ್ಲ ಕೆಟ್ಟದ್ದು ಮರುಳಯ್ಯನವರ ಗೃಹಪ್ರವೇಶದಲ್ಲಿ. ಬೆಳಿಗ್ಗೆಯೇ ಅಕ್ಕಿ ಪಾಯಸ ಇಳಿಸಿ ಮುಚ್ಚಿಟ್ಟಿದ್ದಾಯಿತು. ಆದರೆ ಮರುಳಯ್ಯನವರ ಬೀಗರು, ದೊಡ್ಡ ಅಧಿಕಾರಿ, ಬರುವ ತನಕ ಎಲೆ ಹಾಕುವಂತಿಲ್ಲ. ಪಾಯಸ ಅತ್ತ ಬಿಸಿಯೂ ಅಲ್ಲ, ಇತ್ತ ತಣ್ಣಗೂ ಅಲ್ಲ, ಹಾಗೇ ಕೂತಿತು. ಬೀಗರು ಬಂದಾಗ ಬಿಸಿಲು ಇಳಿದಿತ್ತು. ಗಂಗಲಕ್ಷ್ಮಮ್ಮ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ರುಚಿ ನೋಡಿದಳು. ಚೆನ್ನಾಗಿಯೇ ಇತ್ತು. ಬೀಗರಿಗೆ ಹೆಚ್ಚು ಮರ್ಯಾದೆ, ಹೆಚ್ಚು ಪಾಯಸ. ಕತ್ತಲಾಗುವ ಹೊತ್ತಿಗೆ ಅವರಿಗೇ ಹೆಚ್ಚು ವಾಂತಿ. ಆಮೇಲೆ ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆಗೆ. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಬಡಿಸಿದವಳಿಗೆ ಪಾಯಸ ಉಳಿದೇ ಇರಲಿಲ್ಲ, ಆಕೆ ಗಟ್ಟಿಯಾಗಿದ್ದಳು. ಅದೇ ತಪ್ಪಾಯಿತು.

"ಎಲ್ರೂ ಮಲಗವ್ರೆ, ಇವಳಿಗೆ ಮಾತ್ರ ಏನೂ ಇಲ್ಲ. ಅದೆಂಗೆ?" ಎಂದರು ಮರುಳಯ್ಯ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಅವಳೇ ಏನೋ ಬೆರೆಸಿದ್ದಾಳೆ ಎಂದು ಊರೆಲ್ಲ ಆಡಿಕೊಂಡರು. ಅಡುಗೆಗೆ ಒಪ್ಪಿಕೊಂಡಿದ್ದ ಮದುವೆಗಳೂ ಕೈ ತಪ್ಪಿದವು. ಕೆಲವರು ನನ್ನ ಮೇಲೂ ಹೇಳಿದರು, ಸೌಟಿನ ಕಲಾಯಿ ಹೋಗಿ ಕಿಲುಬು ಬಿಟ್ಟಿದೆ ಎಂದು. ಅಯ್ಯೋ, ಹಿಂದಿನ ತಿಂಗಳಷ್ಟೇ ಕಲಾಯಿ ಹಾಕಿಸಿಕೊಂಡಿದ್ದೆ! ಪಾತ್ರೆಯಲ್ಲಿ ಅಂಟಿದ್ದ ಪಾಯಸದೊಂದಿಗೆ ನನ್ನನ್ನೂ ತುಮಕೂರಿನ ಪ್ರಯೋಗಾಲಯಕ್ಕೆ ಒಯ್ದರು.

ಅಲ್ಲಿದ್ದ ಫರ್ಹಾನಾ ಮೇಡಂ ಪಾಯಸದಲ್ಲಿ ರೋಗಾಣು ಕಂಡುಹಿಡಿದರು, ನನ್ನಲ್ಲಿ ಕಿಲುಬಿಲ್ಲ ಎಂದೂ ಹೇಳಿದರು. ಆಮೇಲೆ ಒಬ್ಬೊಬ್ಬರನ್ನೂ ಒಂದೇ ಮಾತು ಕೇಳಿದರು: ಎಷ್ಟು ಸೌಟು ಉಂಡಿರಿ? ನನ್ನ ಬಾಯಿಗೆ ಎಷ್ಟು ಹಿಡಿಯುತ್ತದೆಂದು ನೋಡಲು ಒಮ್ಮೆ ನೀರು ತುಂಬಿ ಗಾಜಿನ ಜಾಡಿಗೆ ಸುರಿದರು. ಹಾಳೆಯ ಮೇಲೆ ಗೆರೆ ಎಳೆದರು. ಎರಡು ಸೌಟು ಉಂಡವರಲ್ಲಿ ಕೆಲವರು ಮಲಗಿದ್ದರು, ಮೂರು ಉಂಡವರಲ್ಲಿ ಬಹಳ ಜನ, ನಾಲ್ಕು ಉಂಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ. ಆದರೆ ಗೆರೆಯ ಕೆಳತುದಿ ಖಾಲಿ. ಒಂದೇ ಸೌಟು ಉಂಡವರು ಒಬ್ಬರೂ ಸಿಗಲಿಲ್ಲ. ಎಲ್ಲಿಂದ ಸಿಗಬೇಕು?

ಕೊನೆಗೆ ಗಂಗಲಕ್ಷ್ಮಮ್ಮನನ್ನೇ ಕರೆಸಿದರು. ಅವಳು ಹೆದರುತ್ತಾ ಅಂಗೈಯ ತೊಟ್ಟಿನ ಮಾತು ಹೇಳಿದಳು.

"ಅಷ್ಟರಲ್ಲಿದ್ದ ರೋಗಾಣು ನಿಮ್ಮ ಮೈಗೆ ಸಾಲಲಿಲ್ಲ ಅಮ್ಮಾ. ನೀವು ಗಟ್ಟಿಯಾಗಿದ್ದದ್ದು ಅದಕ್ಕೇ. ಬೇರೇನೂ ಅಲ್ಲ," ಎಂದರು ಮೇಡಂ. ಕೆಳತುದಿಯಲ್ಲಿ ಒಂದು ಚುಕ್ಕೆ ಇಟ್ಟರು. ಅವಳನ್ನು ಸಿಕ್ಕಿಸಿದ ತೊಟ್ಟೇ ಅವಳನ್ನು ಬಿಡಿಸಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪಕ್ಕದಲ್ಲೇ ಇದ್ದ ನನಗೂ ಅಳಬೇಕೆನಿಸಿತು, ನಮ್ಮ ಜಾತಿಗೆ ಕಣ್ಣೀರಿಲ್ಲ.

ವರದಿ ಊರಿಗೆ ಹೋಯಿತು, ಮರುಳಯ್ಯನವರ ಬಾಯಿ ಕಟ್ಟಿತು. ಮಳೆಗಾಲ ಕಳೆದ ಮೇಲೆ ಅವಳು ನನ್ನನ್ನು ಕೇಳಿಕೊಂಡು ಮತ್ತೆ ಬಂದಳು. ಜನ ಅಡುಗೆಗೆ ಕರೆಯುತ್ತಿದ್ದಾರಂತೆ, ಹೊಸ ಸ್ಟೀಲ್ ಸೌಟು ತಂದಿದ್ದಾಳಂತೆ. ನನ್ನ ಎದೆಗೆ ಚುರುಕ್ ಎಂದಿತು.

"ಈಗ ಒಂದೇ ಸೌಟು ಬಡಿಸ್ತೀನಮ್ಮಾ," ಎಂದಳು ತಲೆ ತಗ್ಗಿಸಿ. "ಎರಡನೇದಕ್ಕೆ ಕೈ ನಡುಗ್ತದೆ."

ಮೇಡಂ ಅವಳ ಕೈ ಹಿಡಿದುಕೊಂಡರು. "ಎರಡನೇ ಸೌಟಿನದಲ್ಲ ತಪ್ಪು, ಪಾಯಸ ಅಷ್ಟು ಹೊತ್ತು ಹಾಗೇ ಇಟ್ಟದ್ದು. ಯಾರಿಗೋಸ್ಕರಾನೂ ಹಾಗೆ ಇಡಬೇಡಿ. ಬಿಸಿಬಿಸಿ ಇದ್ದಾಗ ಎರಡಲ್ಲ, ಹತ್ತು ಬಡಿಸಿ."

ಗಂಗಲಕ್ಷ್ಮಮ್ಮ ಬಹಳ ದಿನಕ್ಕೆ ನಕ್ಕಳು. ಆದರೆ ನನ್ನನ್ನು ಕೊಡಲಾಗುವುದಿಲ್ಲವಂತೆ, ಆ ಲೆಕ್ಕಕ್ಕೆಲ್ಲ ನಾನೇ ಅಳತೆಯಂತೆ. ಅವಳು ನನ್ನ ಹಿಡಿಯನ್ನು ಒಮ್ಮೆ ಸವರಿ ಹೊರಟುಹೋದಳು.

ಈಗ ನಾನು ಈ ಡ್ರಾಯರಿನಲ್ಲಿದ್ದೇನೆ. ಕುತ್ತಿಗೆಗೊಂದು ಚೀಟಿ ಕಟ್ಟಿದ್ದಾರೆ. ಮೇಡಮ್ಮಿಗೂ ಬೇರೆ ಊರಿಗೆ ವರ್ಗವಾಯಿತು. ಕಲಾಯಿ ಮಾಸುತ್ತಿದೆ. ಮಾತಾಡಿಸುವವರಿಲ್ಲ, ಸಾಕು ಸಾಕು ಎನ್ನುವವರೂ ಇಲ್ಲ. ತಿಪಟೂರಿನಲ್ಲಿ ಆ ಸ್ಟೀಲಿನವನು ಎರಡೆರಡು ಬಡಿಸುತ್ತಿರಬಹುದು, ಬಡಿಸಲಿ, ಅವಳ ಕೈ ನಡುಗದಿದ್ದರೆ ಸಾಕು.

ನನಗೊಂದೇ ಕೊರಗು. ಈ ಬಾಯಿಂದ ಕೊನೆಗೆ ಸುರಿದದ್ದು ಆ ಜಾಡಿಗೆ, ಬರೀ ನೀರು, ಅದೂ ಒಂಟಿ ಸೌಟು. ಋಣ ಹರಿಯಬಾರದು. ಡ್ರಾಯರು ತೆರೆದ ಸದ್ದಾದಾಗಲೆಲ್ಲ ನಾನು ಎರಡನೆಯದಕ್ಕೆ ಬಾಯಿ ತೆರೆದೇ ಇರುತ್ತೇನೆ.