ಮೂರನೆಯ ಹೂಂ

ಧಾರಾವಾಹಿಯ ನಾಯಕಿಗೆ ಮೂರು ವರ್ಷಗಳಿಂದ ದನಿ ಕೊಡುತ್ತಿರುವವಳು ನಾನು. ಪರದೆಯ ಮೇಲೆ ಕಾಣುವ ಚೆಲುವೆ ಬೇರೆ. ಅವಳ ಬಾಯಿಂದ ಹೊರಡುವ ಅಳು, ನಗು, ಜಗಳವೆಲ್ಲ ನನ್ನದು. ಜನ ಅವಳನ್ನು ಮುತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನನ್ನು ದಿನಾ ನೋಡುವ ತರಕಾರಿಯವನೂ ಗುರುತಿಸುವುದಿಲ್ಲ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು, ಆಮೇಲೆ ರೂಢಿಯಾಯಿತು.

ಕತೆ ಎಲ್ಲರಿಗೂ ಗೊತ್ತಿರುವಂಥದೇ. ನಾಯಕಿಯನ್ನು ಒಬ್ಬ ರಾಕ್ಷಸ ಪ್ರೀತಿಸುತ್ತಾನೆ, ಒಬ್ಬ ದೇವದೂತ ಕಾಯುತ್ತಾನೆ. ರಾಕ್ಷಸ ಬಾಯಿ ತೆರೆದರೆ ಪ್ರಶ್ನೆ: ಊಟ ಆಯಿತಾ, ಮುಖ ಯಾಕೆ ಸಪ್ಪಗಿದೆ, ನನಗೇನು ಕೊಡುತ್ತೀಯಾ. ದೇವದೂತ ಬಿಳಿ ಬಟ್ಟೆ ಹಾಕಿಕೊಂಡು ಮೂಲೆಯಲ್ಲಿ ನಿಂತು 'ಬೇಡ' ಎನ್ನುತ್ತಾನೆ. ಅಷ್ಟಕ್ಕೇ ಅವನ ಕೆಲಸ ಮುಗಿಯಿತು. ನೋಡುವ ಹೆಂಗಸರೆಲ್ಲ ರಾಕ್ಷಸನ ಕಡೆ, ನಾನೂ ಅವನ ಕಡೆಯೇ. ವಿಚಾರಿಸಿಕೊಳ್ಳುವವನು ಯಾರಿಗೆ ಬೇಡ? ದೇವದೂತನಿಗೆ ದನಿ ಕೊಡುವವನು ನನ್ನ ಸ್ವಂತ ತಮ್ಮ. "ನಿನ್ನ ದೇವದೂತನಿಗೆ ಉಪ್ಪೂ ಇಲ್ಲ, ಖಾರವೂ ಇಲ್ಲ ಕಣೋ" ಎಂದು ನಾನು ರೇಗಿಸಿದಾಗಲೆಲ್ಲ ಅವನು, "ಹೋಗಕ್ಕಾ, ನಿಂಗೆ ಒಳ್ಳೆಯವರು ಕಂಡ್ರೆ ಆಗಲ್ಲ" ಎನ್ನುತ್ತಿದ್ದ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಧಾರಾವಾಹಿ ಶುರುವಾದ ಮೊದಲ ದಿನವೇ ನಮ್ಮಿಂದ ಒಂದಿಷ್ಟು ಚಿಲ್ಲರೆ ದನಿ ತೆಗೆದಿಟ್ಟುಕೊಳ್ಳುತ್ತಾರೆ: ನಲವತ್ತು ಹೂಂ, ಅಷ್ಟೇ ನಿಟ್ಟುಸಿರು, ಬಿಕ್ಕು, ಕೆಮ್ಮು, ನಗು. ಅದಕ್ಕೆ ನಾವು ಡಬ್ಬಿ ಎನ್ನುತ್ತೇವೆ. ಒಂದು ಹೂಂಗೋಸ್ಕರ ನಮ್ಮನ್ನು ಕರೆಸುವ ಬದಲು ಡಬ್ಬಿಯಿಂದ ತೆಗೆದು ಅಂಟಿಸಿದರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ, ಕೆಲವೊಮ್ಮೆ ನಮಗೂ.

ಆ ಸೋಮವಾರ ನನ್ನ ಮಗಳಿಗೆ ಜ್ವರ. ಆರು ವರ್ಷದ ಅವಳನ್ನು ಅವಳ ಮಾವ, ಅಂದರೆ ನನ್ನ ತಮ್ಮ, 'ರೇಡಿಯೋ' ಎಂದೇ ಕರೆಯುವುದು. ಬಾಯಿ ಮುಚ್ಚಿಸಲು ನಿದ್ದೆಯಿಂದಲೂ ಆಗುತ್ತಿರಲಿಲ್ಲ. ನಾನು ರಜೆ ಹಾಕಿದೆ. ಸಂಜೆಗೆ ಜ್ವರ ಇಳಿಯಿತು, ಆದರೆ ಮಗು ನಗಲಿಲ್ಲ. ಕಚಗುಳಿ ಇಟ್ಟರೆ ಗೋಡೆ ನೋಡುವ ಹಾಗೆ ನನ್ನನ್ನು ನೋಡಿತು. ಮಂಗಳವಾರ ಬೆಳಗ್ಗೆ ಮಾತೂ ನಿಂತುಹೋಯಿತು. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, "ಎಲ್ಲ ಸರಿಯಾಗೇ ಇದೆಯಲ್ಲಮ್ಮ" ಎಂದರು. ಅವರ ಮಾತಿನಲ್ಲಿ ಅವರಿಗೇ ನಂಬಿಕೆ ಇರಲಿಲ್ಲ.

ಮಧ್ಯಾಹ್ನ ಸ್ಟುಡಿಯೋದಿಂದ ಫೋನು ಬಂತು. ನಮ್ಮ ರೆಕಾರ್ಡಿಸ್ಟನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತೇವೆ. ಇಪ್ಪತ್ತೈದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಬೇರೆಯವರ ಉಸಿರು ಕೇಳುತ್ತಿರುವವನು.

"ಮಗು ಮಾತಾಡ್ತಿದೆಯಾಮ್ಮ?" ಎಂದ. ಮಾತು ನಿಂತ ವಿಷಯ ಅವನಿಗೆ ಯಾರು ಹೇಳಿದರು? ನಾನು ಕೇಳುವ ಮೊದಲೇ, "ಬೇಗ ಬಾ, ಫೋನಲ್ಲಿ ಹೇಳೋದಲ್ಲ" ಎಂದು ಇಟ್ಟುಬಿಟ್ಟ.

ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಓಡಿದೆ. ಕಿವಿಯಣ್ಣನ ಮುಖದಲ್ಲಿ ರಕ್ತ ಇರಲಿಲ್ಲ. ಪಕ್ಕದಲ್ಲಿ ನನ್ನ ತಮ್ಮ ನಿಂತಿದ್ದ, ಅವತ್ತು ಅವನ ಪಾಳಿ. ಆಗಿದ್ದು ಇಷ್ಟು. ಸೋಮವಾರದ ದೃಶ್ಯದಲ್ಲಿ ರಾಕ್ಷಸ ನಾಯಕಿಗೆ ಮೂರು ಪ್ರಶ್ನೆ ಕೇಳುತ್ತಾನೆ, ಮಂಕು ಕವಿದ ಅವಳು ಮೂರಕ್ಕೂ ಹೂಂ ಎನ್ನುತ್ತಾಳೆ. ರಾಕ್ಷಸನಿಗೆ ದನಿ ಕೊಡುವವರು ಗಂಟಲಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಅವರ ಜಾಗ ಖಾಲಿ ಬಿಟ್ಟು, ನಾನೂ ಇಲ್ಲವಲ್ಲ ಎಂದು ಕಿವಿಯಣ್ಣ ಡಬ್ಬಿಯಿಂದ ನನ್ನ ಹೂಂ ತೆಗೆದು ಅಂಟಿಸಿದ್ದ.

"ಎರಡು ಹಾಕಿದೆ. ಮೂರನೇದು ಹಾಕೋ ಮುಂಚೆ ಒಂದ್ಸಲ ಹಿಂದಕ್ಕೆ ಹೋಗಿ ಕೇಳ್ದೆ. ಆಮೇಲೆ ಕೈ ಬರ್ಲಿಲ್ಲಮ್ಮ" ಎಂದು ಗುಂಡಿ ಒತ್ತಿದ.

ಖಾಲಿ ಇರಬೇಕಾದ ಜಾಗದಲ್ಲಿ ಯಾರೋ ಉಸಿರಾಡುತ್ತಿದ್ದರು. ಆಮೇಲೆ ಒಂದು ದನಿ ಬಂತು. ಅದು ಆಸ್ಪತ್ರೆಯಲ್ಲಿದ್ದವರದಲ್ಲ, ನಾನು ಬಲ್ಲ ಯಾರದೂ ಅಲ್ಲ. ತುಂಬ ಅಕ್ಕರೆಯ ದನಿ.

"ಮನೇಲಿರೋ ಮಗುವಿನ ನಗು ನಂಗೆ ಕೊಡ್ತೀಯಾ?"

"ಹೂಂ" ಎಂದಿತು ನನ್ನ ದನಿ.

"ಅದರ ಮಾತು?"

"ಹೂಂ."

ಕಿವಿಯಣ್ಣನ ಕೈಯನ್ನು ಗುಂಡಿಯಿಂದ ತಳ್ಳಿದೆ.

"ಅಳಿಸು ಅಣ್ಣ! ಇನ್ನೂ ಯಾಕೆ ಇಟ್ಕೊಂಡು ಕೂತಿದೀಯಾ?"

"ನಾಲ್ಕು ಸಲ ಅಳಿಸ್ದೆ. ತಿರುಗಿ ನೋಡೋ ಹೊತ್ತಿಗೆ ಅಲ್ಲೇ ಇರತ್ತೆ."

ಅವನ ಮೇಲೆ ಕೂಗಾಡಿದೆ. ಕೇಳದೆ ನನ್ನ ದನಿ ಮುಟ್ಟಲು ನೀನ್ಯಾರು ಎಂದೆ. ಮೂರು ವರ್ಷದಿಂದ ಮುಟ್ಟುತ್ತಲೇ ಇದ್ದ. ರಜೆ ಸಿಗುತ್ತದಲ್ಲ ಎಂದು ನಾನೇ ಖುಷಿಪಟ್ಟಿದ್ದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ.

ತಮ್ಮನೇ ದಾರಿ ಹೇಳಿದ. "ಅಳಿಸೋಕಾಗ್ದಿದ್ರೆ ಅದರ ಮೇಲೇ ಹೇಳಕ್ಕಾ. ನೀನೇ ನಿಂತ್ಕೊಂಡು ಇಲ್ಲ ಅನ್ನು. ನಾನೂ ಬರ್ತೀನಿ."

ಇಬ್ಬರೂ ಗಾಜಿನ ಕೋಣೆಗೆ ಹೋದೆವು. ಎದುರೆದುರು ಎರಡು ಮೈಕು, ಗೋಡೆಗೆಲ್ಲ ದಪ್ಪನೆಯ ಸ್ಪಂಜು. ಬಾಗಿಲು ಮುಚ್ಚಿದರೆ ನಮ್ಮ ಎದೆಬಡಿತ ನಮಗೇ ಕೇಳಿಸುವ ಕೋಣೆ ಅದು. ಹೆಡ್‌ಫೋನು ಹಾಕಿಕೊಂಡೆ. ಪರದೆಯ ಮೇಲೆ ನಾಯಕಿ, ರಾಕ್ಷಸ, ಮೂಲೆಯಲ್ಲಿ ಬಿಳಿ ಬಟ್ಟೆಯವನು. ದೃಶ್ಯ ಓಡಲು ಶುರುವಾಯಿತು.

ಮೊದಲ ಪ್ರಶ್ನೆ ಬಂತು. "ಇಲ್ಲ, ಕೊಡಲ್ಲ!" ಎಂದು ಕಿರುಚಿದೆ. ಕಿವಿಯಲ್ಲಿ ಕೇಳಿಸಿದ್ದು ಹೂಂ. ಎರಡನೆಯದಕ್ಕೂ ಕಿರುಚಿದೆ. ಹೂಂ. ನನ್ನ ಬಾಯಿಂದ ಹೊರಟ 'ಇಲ್ಲ' ಎಲ್ಲಿಗೆ ಹೋಗುತ್ತಿತ್ತೋ, ಮೈಕಿನವರೆಗಂತೂ ತಲುಪಲಿಲ್ಲ.

ಆಗ ಎದುರಿನ ಮೈಕಿನಲ್ಲಿ ತಮ್ಮ ಮಾತಾಡಿದ. ಬರೆದುಕೊಟ್ಟ ಮಾತಲ್ಲ.

"ಸುಮ್ಮನಿರಿ ತಾಯಿ."

ಹುಟ್ಟಿದಾಗಿನಿಂದ ಅವನು ನನಗೆ ಬಹುವಚನ ಹಚ್ಚಿದವನಲ್ಲ. ಅವನ ಕಣ್ಣುಗಳು ನನ್ನನ್ನು ನೋಡುತ್ತಿದ್ದವು, ತುಟಿ ಅವನ ಮಾತು ಕೇಳುತ್ತಿರಲಿಲ್ಲ. ಹೆದರಿಕೆಗೆ ಅವನ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು.

"ಮೂರನೆಯ ಹೂಂ ಸಿಗದಿದ್ದರೆ ಮೊದಲಿನ ಎರಡೂ ಆ ರಾಕ್ಷಸನ ಕೈಯಲ್ಲಿ ನಿಲ್ಲುವುದಿಲ್ಲ. ಈ ದೃಶ್ಯ ಮುಗಿಯುವವರೆಗೆ ಬಾಯಿ ತೆರೆಯಬೇಡಿ. ಏನು ಕೇಳಿದರೂ ಕೊಡಬೇಡಿ."

ಪರದೆಯ ಮೂಲೆಯಲ್ಲಿ ಓಡುವ ಅಂಕಿ ನೋಡಿದೆ. ಇನ್ನೂ ಒಂದೂವರೆ ನಿಮಿಷವಿತ್ತು. ಬಾಯಿಗೆ ಅಂಗೈ ಒತ್ತಿಕೊಂಡೆ.

"ಊಟ ಆಯ್ತಾ?" ಎಂದಿತು ಕಿವಿಯೊಳಗಿನ ದನಿ. "ನಿನ್ನೆಯಿಂದ ಏನೂ ತಿಂದಿಲ್ಲ ಅಲ್ವಾ ನೀನು?"

ನಿಜ, ತಿಂದಿರಲಿಲ್ಲ. ಮಗಳ ಚಿಂತೆಯಲ್ಲಿ ಮನೆಯವರೂ ನನ್ನನ್ನು ಕೇಳಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆ ಭಯದಲ್ಲೂ ಅವನು ಕೇಳಿದ್ದು ನನಗೆ ಹಿತವೆನಿಸಿತು.

"ಅವನ ಮಾತು ಕೇಳಿ ಸುಮ್ಮನಿರ್ತೀಯಾ? ಇರು. ಮಗುನೂ ಸುಮ್ಮನಿರತ್ತೆ, ಬದುಕಿರೋವರೆಗೂ. ಅವನು ಬೇಡ ಅಂದಿದ್ದರಿಂದ ಇವತ್ತಿನವರೆಗೆ ಯಾರಿಗಾದ್ರೂ ಏನಾದ್ರೂ ಸಿಕ್ಕಿದೆಯಾ? ನಾನು ಎರಡನ್ನೂ ವಾಪಸ್ ಕೊಡ್ತೀನಿ. ನಗು, ಮಾತು, ಈಗಿಂದೀಗಲೇ. ಬದಲಿಗೆ ನಿನ್ನ ದನಿ ಕೊಡ್ತೀಯಾ?"

ನನ್ನ ದನಿಗೇನು ಬೆಲೆ? ಯಾರೂ ಗುರುತಿಸದ ದನಿ ಅದು. ಬೇಕಾದರೆ ಹೊಲಿಗೆ ಹಾಕಿ ಬದುಕಿಕೊಂಡೇನು. ತಮ್ಮನ ಕಡೆ ನೋಡಿದೆ. ಅವನ ಬಾಯಿಂದ ಅದೇ ಉಪ್ಪುಖಾರವಿಲ್ಲದ ದನಿ "ಬೇಡ ತಾಯಿ, ಇನ್ನು ಇಪ್ಪತ್ತೇ ಸೆಕೆಂಡು" ಎಂದಿತು. ಎರಡು ಹೂಂ ಬೀಳುವಾಗ ಎಲ್ಲಿ ಹೋಗಿದ್ದನಂತೆ ಈ ದೇವದೂತ? ನನಗೆ ಮೈಯೆಲ್ಲ ಉರಿದುಹೋಯಿತು.

ಪರದೆಯ ಮೇಲೆ ನಾಯಕಿ ಮುಖ ಎತ್ತಿದಳು. ಅವಳ ತುಟಿ ಬಿರಿಯಿತು. ಮೂರು ವರ್ಷದಲ್ಲಿ ಆ ತುಟಿ ಬಿರಿದಾಗ ನಾನು ಒಮ್ಮೆಯೂ ಸುಮ್ಮನಿದ್ದವಳಲ್ಲ. ಅದು ಅಭ್ಯಾಸವೋ, ಸಿಟ್ಟೋ, ತಾಯಿ ಕರುಳೋ, ಹೇಳಲಾರೆ. ಅಂಗೈ ತೆಗೆದೆ.

"ಹೂಂ" ಎಂದೆ.

ಈ ಸಲ ಅದು ಮೈಕಿನವರೆಗೆ ತಲುಪಿತು. ತಮ್ಮ ಸೂತ್ರ ಕಿತ್ತ ಗೊಂಬೆಯಂತೆ ಕುಸಿದು ಕೂತು, ಎರಡೂ ಕೈಯಲ್ಲಿ ಬಾಯಿ ಮುಟ್ಟಿ ನೋಡಿಕೊಂಡು, "ಅಕ್ಕಾ, ಯಾಕಕ್ಕಾ?" ಎಂದು ಅಳತೊಡಗಿದ. ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ.

ಕಿವಿಯಣ್ಣ ಬಾಗಿಲು ತೆಗೆದು ನನ್ನ ಫೋನು ಚಾಚಿದ. ಮನೆಯಿಂದ ಬಂದ ಕರೆ.

"ಅಮ್ಮಾ! ನಂಗೆ ಮಾತು ಬಂತು!" ರೇಡಿಯೋ ಕಿಲಕಿಲ ನಗುತ್ತಿತ್ತು. "ಅಜ್ಜಿಗೆ ಇನ್ನೂ ಹೇಳಿಲ್ಲ, ಸ್ನಾನಕ್ಕೆ ಹೋಗಿದಾಳೆ. ನಿಂಗೇ ಫಸ್ಟು!"

ಫೋನನ್ನು ಕೆನ್ನೆಗೆ ಒತ್ತಿಕೊಂಡು ಅತ್ತೆ, ಸದ್ದೇ ಇಲ್ಲದ ಅಳು. ಹೋದದ್ದು ಹೋಯಿತು, ನನ್ನ ಮಗು ನನಗೆ ಸಿಕ್ಕಿತು ಎಂದುಕೊಂಡೆ. ಅಷ್ಟು ಸುಖ ನನಗೆ ಹೆರಿಗೆಯ ದಿನವೂ ಆಗಿರಲಿಲ್ಲ.

"ಯಾಕಮ್ಮಾ ಮಾತಾಡ್ತಿಲ್ಲ?" ಎಂದಳು. ಅಷ್ಟರಲ್ಲಿ ಅವಳಿಗೆ ಹೊರಗಿನಿಂದ ಏನೋ ಕೇಳಿಸಿರಬೇಕು. ಆಮೇಲೆ ಮತ್ತೆ ನಗು. "ಓಹೋ, ಬಂದೇಬಿಟ್ಯಾ? ಫೋನಲ್ಲಿ ಸುಮ್ಮನಿದ್ದು ಬಾಗಿಲ ಹತ್ರ ನಿಂತು ಕೂಗ್ತೀಯಲ್ಲ, ಕಳ್ಳಿ! ಇರು, ಮೇಲಿನ ಚಿಲಕ ಎಟಕಲ್ಲ, ಸ್ಟೂಲ್ ತರ್ತೀನಿ."

ಫೋನನ್ನು ತಮ್ಮನ ಮುಖಕ್ಕೆ ಹಿಡಿದು ಅವನ ಭುಜ ಅಲುಗಾಡಿಸಿದೆ. ಅವನಿಗೆ ಅರ್ಥವಾಗಲು ಎಷ್ಟೋ ಹೊತ್ತು ಹಿಡಿಯಿತು. "ರೇಡಿಯೋ! ಚಿಲಕ ಮುಟ್ಟಬೇಡ! ಅಮ್ಮ ಇಲ್ಲಿದಾಳೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಅವಳು ಫೋನನ್ನು ಎಲ್ಲೋ ಇಟ್ಟು ಹೋಗಿಯಾಗಿತ್ತು.

ದೂರದಿಂದ ನನ್ನ ದನಿ ಕೇಳಿಸಿತು, ಬಾಗಿಲಿನ ಆಚೆಯಿಂದ. "ಬೇಗ ತೆಗಿ ಕಂದಾ, ಅಮ್ಮಂಗೆ ಕಾಲು ನೋವು" ಎಂದಿತು. ನೆಲದ ಮೇಲೆ ಸ್ಟೂಲು ಎಳೆಯುವ ಸದ್ದು ಬಂತು.