ಕುಂಕುಮ ಹಚ್ಚಿಸಿಕೊಂಡ ಪ್ಲೇಟು

ನಾನು ಒಂದು ಗ್ರಾಮಫೋನ್ ಪ್ಲೇಟು. ನನ್ನ ಮೈ ಅರಗಿನದು. ಅರಗು ಬೆಂಕಿಗೆ ಹೆದರುವ ಜಾತಿ. ಆದರೆ ಜೀವಮಾನದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಬೆಂಕಿಯಲ್ಲ, ನನ್ನದೇ ದನಿ.

ಕಲ್ಕತ್ತೆಯ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಬಿಸಿ ಕಣಕದಂಥ ಕಪ್ಪು ಉಂಡೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಅದುಮುತ್ತಿದ್ದರು. ಅಚ್ಚು ಮುಚ್ಚುವ ಮೊದಲು ನಡುವೆ ಒಂದು ಕೆಂಪು ಕಾಗದ ಇಡಬೇಕು. ಅದರ ಮೇಲೆ ಹಾಡಿದವರ ಹೆಸರು. ನನ್ನ ಸರದಿಗೆ ಮುಂಚೆ ಊಟದ ಗಂಟೆ ಹೊಡೆಯಿತು. ಕೂತಿದ್ದವನು ಎದ್ದು ಹೋದ, ಬೇರೊಬ್ಬ ಬಂದು ಕೂತ. ಅವನ ಮುಂದೆ ಎರಡು ಕಟ್ಟು ಕಾಗದಗಳಿದ್ದವು, ಎರಡೂ ಕೆಂಪು. ಕೈಗೆ ಸಿಕ್ಕಿದ್ದನ್ನು ಇಟ್ಟ, ಅದುಮಿದ. ಒಂದೇ ಏಟಿಗೆ ನಾನು ತಟ್ಟೆಯಾದೆ. ಮೈತುಂಬ ಕೂದಲೆಳೆಯಂಥ ಗೆರೆಗಳು ಮೂಡಿದವು.

ಮುಳ್ಳು ಮೈಮೇಲೆ ಇಳಿಯುವವರೆಗೆ ಒಳಗೇನಿದೆ ಎಂಬುದು ನಮ್ಮಂಥವರಿಗೆ ತಿಳಿಯುವುದಿಲ್ಲ. ಕಾಗದ ನೋಡಿ ಜನ ಹೇಳಿದ್ದನ್ನೇ ನಂಬುತ್ತೇವೆ. ಬೆಂಗಳೂರಿನ ಅಂಗಡಿಯವನು ನನ್ನನ್ನು ಬೆಳಕಿಗೆ ಹಿಡಿದು ಓದಿದ: "ದೊಡ್ಡಬಳ್ಳಾಪುರದ ಪುಟ್ಟರುದ್ರಪ್ಪನವರ ಕಾವ್ಯವಾಚನ. ಅರಗಿನ ಮನೆಯ ಪ್ರಸಂಗ." ನಾನು ಹಿಗ್ಗಿಹೋದೆ. ಅರಗಿನ ಮೈಯಲ್ಲಿ ಅರಗಿನ ಮನೆ ಉರಿಯುವ ಕಥೆ! ನನ್ನೊಳಗೆ ಪದ್ಯಗಳು ಸಾಲಾಗಿ ಕೂತಿವೆ ಎಂದುಕೊಂಡೇ ಬಸ್ಸು ಹತ್ತಿದೆ.

ಪುಟ್ಟರುದ್ರಪ್ಪ ನೇಕಾರ. ಹಗಲು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ಸಂಜೆ ಜಗಲಿಯ ಮೇಲೆ ಕಾವ್ಯ ಓದುತ್ತಿದ್ದ. ಬೀದಿಯ ಜನ ಲಾಳಿ ಕೆಳಗಿಟ್ಟು ಬಂದು ಕೂರುತ್ತಿದ್ದರು. ಮಗಳು ದಾಕ್ಷಾಯಿಣಿ ಅವನ ತೊಡೆಗೆ ಒರಗಿಕೊಂಡು, ಸಾಲಿನ ಕೊನೆಯನ್ನು ತಾನೂ ಎಳೆದು ಹೇಳುತ್ತಿದ್ದಳು. ಬೆಂಗಳೂರಿಗೆ ಹೋಗಿ ಒಂದು ಪ್ರಸಂಗ ಹಾಡಿಕೊಟ್ಟು ಬಂದವನು, ಪ್ಲೇಟು ಬರುವ ಮೊದಲೇ ವಿಷಮಜ್ವರದಲ್ಲಿ ತೀರಿಕೊಂಡ. ಆ ಮನೆಗೆ ನಾನು ಹೋದದ್ದು ಸತ್ತವನ ದನಿಯಾಗಿ.

ಸಾಹುಕಾರರ ಮನೆಯಿಂದ ಗ್ರಾಮಫೋನು ತಂದಿದ್ದರು. ಹೊಸ ಲಾಳಿ ಬಂದರೂ ಪೂಜೆ ಮಾಡದೆ ಮುಟ್ಟದ ಬೀದಿ ಅದು; ನನ್ನನ್ನು ಬಿಟ್ಟಾರೆಯೇ? ಮಣೆಯ ಮೇಲಿಟ್ಟರು. ಪುಟ್ಟರುದ್ರಪ್ಪನ ಹೆಂಡತಿ ಸಿದ್ದಗಂಗಮ್ಮ ವಿಭೂತಿ ಬಳಿದಳು, ಗೆರೆಗಳ ಮೇಲೇ ಕುಂಕುಮ ಒತ್ತಿದಳು, ಅಕ್ಷತೆ ಹಾಕಿದಳು. ಅವಳ ಮಡಿಲಲ್ಲಿ ಕೂಸು ಮಲಗಿತ್ತು. ಯಾರೋ, "ಕರ್ಪೂರ ದೂರ ಹಿಡಿಯವ್ವಾ, ಕರಗೋದಾನು ನಿನ್ ಗಂಡ" ಎಂದರು. ಅಳುವವರೂ ನಕ್ಕರು.

"ಅಪ್ಪ ಇದ್ರೊಳಗೆ ಅವ್ನಾ?" ಎಂದು ದಾಕ್ಷಾಯಿಣಿ ಕೇಳಿದಳು.

"ಸುಮ್ಕೆ ಕೂತ್ಕೊ. ಈಗ ಓದ್ತಾನೆ" ಎಂದಳು ತಾಯಿ.

ಮುಳ್ಳು ಇಳಿಯಿತು. ಕುಂಕುಮದ ಹುಡಿಯಲ್ಲಿ ಮೊದಲು ಕರಕರ ಸದ್ದು. ಆಮೇಲೆ, ಶಿವನೇ, ನನ್ನೊಳಗಿಂದ ಢಮಾರೆಂದು ತಮಟೆಯಂಥದ್ದೇನೋ ಸಿಡಿಯಿತು! ಅದರ ಬೆನ್ನಿಗೆ ಹಿತ್ತಾಳೆಯ ವಾದ್ಯವೊಂದು ಕಿರುಚಿಕೊಂಡು ಎದ್ದಿತು. ಏರಿತು, ಇಳಿಯಿತು, ಕುಡಿದವನ ಹಾಗೆ ತೂರಾಡಿತು, ನಕ್ಕಿತು. ಪದ್ಯವೆಲ್ಲಿ? ಪುಟ್ಟರುದ್ರಪ್ಪನೆಲ್ಲಿ? ನಾನು ಯಾರು? ನಿಲ್ಲೋಣವೆಂದರೆ ನಿಲ್ಲುವುದು ನನ್ನ ಕೈಯಲ್ಲಿಲ್ಲ. ಕೀಲಿ ತಿರುಗಿದಷ್ಟೂ ತಿರುಗಿದೆ.

ಮೊದಲು ಬಾಯಿಬಿಟ್ಟವನು ಎದುರುಮನೆಯ ಮುದುಕ. "ಗಂಗವ್ವಾ, ನಿನ್ ಗಂಡ ಬೆಂಗ್ಳೂರಿಗೆ ಓದಕ್ಕೆ ಹೋಗಿದ್ನೋ, ಬ್ಯಾಂಡ್‌ಸೆಟ್ ಸೇರಕ್ಕೆ ಹೋಗಿದ್ನೋ?"

ಈ ಸಲ ಯಾರೂ ನಗಲಿಲ್ಲ. ದಾಕ್ಷಾಯಿಣಿ ಗ್ರಾಮಫೋನಿನ ಕೊಂಬಿನೊಳಗೆ ತಲೆ ತೂರಿಸಿ, "ಅಪ್ಪಾ!" ಎಂದು ಕೂಗಿದಳು. ಆ ಕೂಗು ನನ್ನ ಗೆರೆಗಳಲ್ಲಿ ಇಳಿಯಲಿಲ್ಲ. ನಮ್ಮ ಮೇಲೆ ಎರಡನೆಯ ಸಲ ಏನೂ ಬರೆಯಲಾಗದು. ಆದರೂ ಅದನ್ನು ನಾನು ಮರೆತಿಲ್ಲ.

ಬದಲಿಸಿ ಕೊಡಿ ಎಂದು ಬೆಂಗಳೂರಿಗೆ ಹೋದರೆ, ಅವನು ಹಾಡಿಕೊಟ್ಟಿದ್ದ ಸ್ಟುಡಿಯೋ ಬಾಗಿಲು ಹಾಕಿತ್ತು. "ಒಡೆದು ಬಿಸಾಕು" ಎಂದರು ನೆಂಟರು. ಸಿದ್ದಗಂಗಮ್ಮ ಒಪ್ಪಲಿಲ್ಲ. "ಕುಂಕುಮ ಇಟ್ಟ ಮೇಲೆ ಅದು ದೇವರ ವಸ್ತು ಕಣ್ರಪ್ಪ. ಹೆಂಗೆ ಒಡೀಲಿ?" ನಾನು ದೇವರ ಗೂಡು ಸೇರಿದೆ. ವರ್ಷಕ್ಕೊಮ್ಮೆ ಆಯುಧಪೂಜೆಯಲ್ಲಿ ಲಾಳಿ, ಕತ್ತರಿಗಳ ಜೊತೆ ನನಗೂ ಒಂದು ಬೊಟ್ಟು.

ದಾಕ್ಷಾಯಿಣಿಗೆ ಅದೇ ಊರಲ್ಲಿ ಮದುವೆಯಾದಾಗ ತಾಯಿ ನನ್ನನ್ನು ಅವಳ ಪೆಟ್ಟಿಗೆಯಲ್ಲಿಟ್ಟು ಕಳಿಸಿದಳು. "ನಿಮ್ಮಪ್ಪನ ಹೆಸರು ಅಚ್ಚಾಗಿರೋದು ಇದೊಂದ್ರ ಮೇಲೇಯ." ದಾಕ್ಷಾಯಿಣಿ ತಂದಳು, ಬೊಟ್ಟಿಟ್ಟಳು, ಆದರೆ ನನ್ನನ್ನು ಹಾಡಗೊಡಲಿಲ್ಲ. ನಾನು ಕಿರುಚಿದ ಆ ದಿನದಿಂದ ಅವಳೂ ಪದ್ಯ ಹೇಳಿರಲಿಲ್ಲ. ಯಾರಾದರೂ ಕೇಳಿದರೆ, "ನಮ್ಮಪ್ಪನ್ನ ಆ ಪ್ಲೇಟು ನುಂಗ್ತು, ಪದ್ಯಾನೂ ನುಂಗ್ತು" ಎನ್ನುವಳು. ಗೂಡಿನ ಕತ್ತಲಲ್ಲಿ ಕೂತು ನಾನು ಇದನ್ನು ಕೇಳಿಸಿಕೊಳ್ಳಬೇಕಿತ್ತು.

ಅಂದು ಮಡಿಲಲ್ಲಿದ್ದ ಕೂಸು ಅವಳ ತಮ್ಮ. ಆ ತಮ್ಮನ ಮಗ ನಾಗಭೂಷಣ ಪವರ್‌ಲೂಮ್ ಮೆಕ್ಯಾನಿಕ್. ಹುಡುಗನಾಗಿದ್ದಾಗ ಗುಜರಿಯಲ್ಲಿ ಸಿಕ್ಕ ಗ್ರಾಮಫೋನೊಂದನ್ನು ರಿಪೇರಿ ಮಾಡಿ, ಅತ್ತೆ ಗುಡಿಗೆ ಹೋದ ಹೊತ್ತು ನೋಡಿ ನನ್ನ ಮೇಲೆ ಮುಳ್ಳಿಟ್ಟ. ಬೈಗುಳ ಬೀಳುತ್ತದೆಂದು ನಾನು ಮುದುಡಿದೆ. ಅವನು ಕಾಲ್ಬೆರಳು ಕುಣಿಸಿದ! ನನ್ನ ದನಿಗೆ ಒಬ್ಬ ಹಿಗ್ಗಿದ್ದು ಅದೇ ಮೊದಲು. ಇದರ ಹೆಸರು ಜಾಝ್ ಎಂದು ಅವನೇ ಎಲ್ಲೋ ಕೇಳಿ ತಿಳಿದುಕೊಂಡು ಬಂದ. ಅಲ್ಲಿಂದ ಅವನಿಗೆ ಹಳೆಯ ಜಾಝಿನ ಹುಚ್ಚು ಹಿಡಿಯಿತು.

ಕೈಗೆ ಫೋನು ಬಂದ ಮೇಲೆ ಕೇಳಬೇಕೆ! ಭಾನುವಾರದ ಚಿತ್ರಾನ್ನ ಎಂಬ ಹೆಸರಿನಲ್ಲಿ ವಾರವಾರವೂ ಅದೂ ಇದೂ ಹಂಚತೊಡಗಿದ. ಸ್ಕೂಟರಿನ ಹಿಂದೆ ಕೂತು ಸಂತೆಗೆ ಹೋಗುವ ಮೇಕೆ, ಹಲ್ಲಿನಲ್ಲೇ ತೆಂಗಿನಕಾಯಿ ಸುಲಿಯುವ ತಾತ, ಹಿಂದಕ್ಕೆ ಓಡುವ ಗಡಿಯಾರ. ಕೊನೆಗೆ ಒಂದು ಹಳೆಯ ಜಾಝ್ ಹಾಡು. ಊರಿನವರು ಮೇಕೆಗೆ ಬರುತ್ತಿದ್ದರು, ಹಾಡು ಬರುವ ಹೊತ್ತಿಗೆ ಎದ್ದುಹೋಗುತ್ತಿದ್ದರು.

ಹೋದ ಆಯುಧಪೂಜೆಯ ಮಾರನೆಯ ದಿನ ಅವನು ಕದ್ದು ನನ್ನ ವಿಡಿಯೋ ಮಾಡಿದ. ಹಣೆಯ ತುಂಬ ಕುಂಕುಮ, ಮೇಲೆ ಕಾವ್ಯವಾಚನದ ಹೆಸರು, ಒಳಗೆ ಕಹಳೆಯ ಕುಣಿತ! ನನ್ನದೇ ದನಿ ಅಂಗೈಯಗಲದ ಗಾಜಿನಿಂದ ವಾಪಸು ಬಂದಾಗ ನನಗೆ ಮತ್ತೆ ಆಘಾತ. ಮುಳ್ಳಿಲ್ಲ, ಕೀಲಿಯಿಲ್ಲ, ನಾನು ಅಲುಗಿಯೂ ಇಲ್ಲ, ಆದರೂ ಹಾಡುತ್ತಿದ್ದೇನೆ. ಸಾವಿರಾರು ಜನ ನೋಡಿದರಂತೆ.

ನೋಡಿದವರಲ್ಲಿ ಪಕ್ಕದ ಮನೆಯ ಚಿಕ್ಕತಾಯಮ್ಮನೂ ಒಬ್ಬಳು. "ಏನ್ ದಾಕ್ಷಾಯಿಣಮ್ಮಾ, ನಿಮ್ಮಪ್ಪಾರು ಫೋನ್ನಾಗೆ ಪೀಪಿ ಊದ್ತಾವ್ರೆ!" ಎಂದು ತಂದು ತೋರಿಸಿದಳು.

ದಾಕ್ಷಾಯಿಣಿಗೆ ಈಗ ಎಂಬತ್ತು ದಾಟಿದೆ. ಫೋನು ನೋಡಿದವಳು ನೇರ ಗೂಡಿನ ಹತ್ತಿರ ಬಂದಳು. ನನ್ನನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿದಳು. ಒಡೆಯಬಾರದ್ದನ್ನು ನೀರಿಗೆ ಬಿಡಬಹುದು. ಗಣಪತಿಯನ್ನೇ ಬಿಡುತ್ತಾರೆ, ನಾನು ಯಾವ ದೊಡ್ಡವನು? ಕೆರೆಯ ದಾರಿಯಲ್ಲಿ ಅವಳ ಕಂಕುಳಿನ ಬಿಸಿ ತಾಕುತ್ತಿತ್ತು. ಕುಂಕುಮ ತೊಳೆದುಹೋಗುತ್ತದೆ, ಹೆಸರಿನ ಕಾಗದ ನೆನೆದು ಕಳಚುತ್ತದೆ ಎಂದು ನನಗೆ ಜೀವವೇ ಹಾರಿತು.

ಮೆಟ್ಟಿಲ ಹತ್ತಿರ ನಾಗಭೂಷಣ ಏದುಸಿರು ಬಿಡುತ್ತ ಓಡಿಬಂದ. "ಅತ್ತೇ, ನಿಂತ್ಕೊ! ಒಂದ್ ಮಾತು ಕೇಳಿ ಆಮ್ಯಾಕೆ ಮುಳುಗ್ಸು."

"ಮನೆ ಮಾನ ಬೀದಿಗೆ ಹಾಕ್ಬಿಟ್ಟು ಈಗ ಮಾತೇನ್ಲಾ?"

ಅವನು ಫೋನು ಎತ್ತಿ ಹಿಡಿದ. ಒಬ್ಬ ಹೆಂಗಸಿನ ದನಿ, ಬೆಂಗಳೂರು ದಂಡಿನ ಕಡೆಯ ಕನ್ನಡ. "ನಾನು ಕಾಕ್ಸ್‌ಟೌನಿಂದ ಐವಿ ರೆಬೆಲ್ಲೊ. ನಿಮ್ಮ ವಿಡಿಯೋದಲ್ಲಿರೋದು ನಮ್ಮ ಡ್ಯಾಡಿ ಟ್ರಂಪೆಟ್. ಕೊನೇಲಿ ಒಂದು ಸ್ವರ ಜಾರಿಸ್ತಾರಲ್ಲ, ಮನೇಲೂ ಹಂಗೇ ಜಾರಿಸೋರು. ನಮ್ಮತ್ರಾನೂ ಒಂದು ಪ್ಲೇಟಿದೆ. ಮೇಲೆ ಡ್ಯಾಡಿ ಹೆಸರು, ಬೆನೆಡಿಕ್ಟ್ ರೆಬೆಲ್ಲೊ ಅಂತ. ಒಳಗೆ ಮಾತ್ರ ಯಾರೋ ಕನ್ನಡದಲ್ಲಿ ಹಾಡ್ತಾರೆ... ಮನೆಗೆ ಬೆಂಕಿ ಬಿತ್ತು, ಬೆಂಕಿ ಬಿತ್ತು ಅಂತ."

ದಾಕ್ಷಾಯಿಣಿ ಮೆಟ್ಟಿಲ ಮೇಲೆ ಕೂತಳು. ನನ್ನನ್ನು ಮಡಿಲಲ್ಲಿಟ್ಟುಕೊಂಡಳು. ಅರಿಶಿನದ ಬಟ್ಟೆಯೊಳಗೆ ನನಗೆ ಊಟದ ಗಂಟೆ ನೆನಪಾಯಿತು, ಎರಡು ಕೆಂಪು ಕಟ್ಟುಗಳು ನೆನಪಾದವು. ಒಂದು ತುತ್ತು ಅನ್ನದ ಹೊತ್ತಿನಲ್ಲಿ ಆದದ್ದಕ್ಕೆ ಒಬ್ಬಳು ಆಯುಷ್ಯವಿಡೀ ಬಾಯಿ ಮುಚ್ಚಿಕೊಂಡಿದ್ದಳೇ!

ಮರುದಿನವೇ ಐವಿ ಬಂದಳು. ಅವಳಿಗೂ ಎಪ್ಪತ್ತಾಗಿದೆ. ಮೊದಲು ನನ್ನನ್ನೇ ಹಾಡಿಸಿದರು. ಐವಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಕೊನೆಯ ಸ್ವರ ಜಾರಿದಾಗ ಅಳುತ್ತಲೇ ನಕ್ಕಳು.

ಅವಳ ಪ್ಲೇಟನ್ನು ನೋಡಿ ನನಗೆ ದಿಗಿಲಾಯಿತು. ಸವೆದು ಬೂದಿಬಣ್ಣಕ್ಕೆ ತಿರುಗಿತ್ತು.

"ಡ್ಯಾಡಿ ಇರೋವರೆಗೂ ಪ್ರತಿ ಸಂಡೇ ಇದನ್ನ ಹಾಕೋರು ಅಕ್ಕ. ಅವರಿಗೆ ಒಂದು ಪದಾನೂ ಅರ್ಥ ಆಗ್ತಿರ್ಲಿಲ್ಲ. ಈ ಮನುಷ್ಯ ಉಸಿರು ಎಲ್ಲಿ ತಗೋತಾನೆ ಅಂತಾನೇ ಗೊತ್ತಾಗಲ್ಲ ಅನ್ನೋರು. ಟ್ರಂಪೆಟ್ ನುಡಿಸೋರಿಗೆ ಉಸಿರೇ ಅಲ್ವಾ ಎಲ್ಲ."

ಬೈಸಿಕೊಂಡ ನಾನು ಹೊಸದರಂತಿದ್ದೆ. ಮೆಚ್ಚಿಸಿಕೊಂಡ ಅದು ಸವೆದುಹೋಗಿತ್ತು. ಅಯ್ಯೋ, ಉಳಿದಿರಬೇಕಾದದ್ದು ಅದಲ್ಲವೇ!

ದಾಕ್ಷಾಯಿಣಿ ಅದಕ್ಕೆ ಕುಂಕುಮ ಹಚ್ಚಲು ಹೋಗಿ ಕೈ ಹಿಂದೆಗೆದಳು. ಗೆರೆ ಬಿಟ್ಟು ಕಾಗದದ ಮೇಲೆ ಬೊಟ್ಟಿಟ್ಟಳು. ನಾಗಭೂಷಣ ಮುಳ್ಳಿಳಿಸಿದ. ಮಳೆಯಂತೆ ಬರೀ ಸೋ ಎಂಬ ಸದ್ದು. ಅದರ ಆಳದಲ್ಲಿ ಎಲ್ಲೋ ಒಂದು ಗಂಡಸಿನ ದನಿ, ತೆಳ್ಳಗೆ. ಪದ್ಯದ ಸಾಲೊಂದು ಎದ್ದು, ನಿಧಾನವಾಗಿ ಎಳೆದು, ಉರಿ ಎಂಬಲ್ಲಿಗೆ ಬಂದು ನಿಂತಿತು. ಗೆರೆ ಅಲ್ಲಿ ಒಡೆದಿತ್ತು. ಉರಿ, ಉರಿ, ಉರಿ ಎಂದು ಅಲ್ಲಲ್ಲೇ ಸುತ್ತಿತು. ನಾಗಭೂಷಣ ಹೌಹಾರಿ ಮುಳ್ಳೆತ್ತಿದ.

ಆಗ ಮನೆಯೊಳಗೆ ಪದ್ಯ ಮುಂದುವರಿಯಿತು.

ಪ್ಲೇಟು ತಿರುಗುತ್ತಿರಲಿಲ್ಲ. ಹಾಡುತ್ತಿದ್ದದ್ದು ದಾಕ್ಷಾಯಿಣಿ. ಕಣ್ಣು ಮುಚ್ಚಿದ್ದಳು, ಬೆನ್ನು ನೆಟ್ಟಗಾಗಿತ್ತು. ಸಾಲಿನ ಕೊನೆಯನ್ನು ಜಗಲಿಯ ಹುಡುಗಿ ಎಳೆದ ಹಾಗೇ ಎಳೆದಳು. ನಾನು ನುಂಗಿದೆನೆಂದು ಅವಳು ದೂರಿದ ಪದ್ಯಗಳು ಒಂದೂ ಕಳೆದಿರಲಿಲ್ಲ. ಐವಿ ಮೆಲ್ಲಗೆ, "ಇವರೂ ಉಸಿರು ಎಲ್ಲಿ ತಗೋತಾರೋ ಗೊತ್ತಾಗಲ್ಲ" ಎಂದಳು.

ಹೊರಡುವಾಗ ದಾಕ್ಷಾಯಿಣಿ ನನ್ನನ್ನು ತಾನೇ ಎತ್ತಿ ಐವಿಯ ಕೈಗಿತ್ತಳು. "ಅವ್ರವ್ರ ಅಪ್ಪ ಅವ್ರವ್ರ ಮನೆಗೆ ಹೋಗ್ಲಿ ತಾಯಿ. ಕುಂಕುಮ ಮಾತ್ರ ಒರಸ್ಬ್ಯಾಡ."

ಐವಿ ಒರೆಸಿಲ್ಲ. ಈಗ ನಾನು ಕಾಕ್ಸ್‌ಟೌನಿನ ಗಾಜಿನ ಬೀರುವಿನಲ್ಲಿದ್ದೇನೆ. ಪಕ್ಕದಲ್ಲಿ ಮಾತೆ ಮರಿಯಳ ಪುಟ್ಟ ಮೂರ್ತಿ, ಎದುರಿಗೆ ಮೇಣದ ಬತ್ತಿ. ಅದನ್ನು ಇವರೂ ದೂರವೇ ಇಡುತ್ತಾರೆ. ನನ್ನ ಎದೆಯ ಮೇಲೆ ಇಂದಿಗೂ ಪುಟ್ಟರುದ್ರಪ್ಪನ ಹೆಸರಿದೆ, ಒಳಗೆ ಬೆನೆಡಿಕ್ಟನ ಉಸಿರಿದೆ. ನಾನು ಯಾರೆಂದು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಭಾನುವಾರ ಬೆಳಿಗ್ಗೆ ಐವಿ ಪ್ರಾರ್ಥನೆ ಮುಗಿಸಿ ಬಂದು ಫೋನು ತೆರೆಯುತ್ತಾಳೆ. ಮೊದಲು ಮೇಕೆಯೋ ಕೋತಿಯೋ ಬರುತ್ತದೆ, ಆಮೇಲೆ ಒಂದು ಜಾಝ್. ಈಗ ಎಲ್ಲಕ್ಕಿಂತ ಕೊನೆಗೆ ಒಂದು ಮುದಿ ದನಿ ಅರಗಿನ ಮನೆಯ ಪದ್ಯ ಓದುತ್ತದೆ, ಒಂದು ವಾರಕ್ಕೆ ಒಂದು. ಪ್ರತಿಸಲವೂ ನಾನು ಬೆಚ್ಚುತ್ತೇನೆ. ಅದರ ನಡುವೆ ನಾಗಭೂಷಣನ ಕಾಲ್ಬೆರಳು ನೆಲ ತಟ್ಟುವ ಸದ್ದು ಕೇಳಿಸುತ್ತದೆ, ಅದರ ಹಿಂದೆಯೇ ದಾಕ್ಷಾಯಿಣಿಯ ಗದರಿಕೆ: "ಏಯ್ ನಾಗ, ಕಾಲು ಸುಮ್ಕಿರ್ಸು. ಅಪ್ಪ ಓದ್ತಾವ್ನೆ."